ಎರಡು ವಾರ ಬೆಳಗುವ ಪುಡಿ: ಯಾರ ಕಣ್ಣಿಗೆ?

ಒಂದು ನಿಮಿಷ ಬಿಸಿಲಿಗೆ ಹಿಡಿದರೆ ಎರಡು ವಾರ ಬೆಳಗುವ ವಸ್ತು! ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಝೆಂಗ್‌ವೈ ಪ್ಯಾನ್ ಮತ್ತು ಸಂಗಡಿಗರು 2011ರಲ್ಲಿ ‘ನೇಚರ್ ಮೆಟೀರಿಯಲ್ಸ್’ನಲ್ಲಿ ಪ್ರಕಟಿಸಿದ ಪ್ರಬಂಧವನ್ನು ಇಂದಿಗೂ ಹೀಗೆಯೇ ಪರಿಚಯಿಸುತ್ತಾರೆ. ಕ್ರೋಮಿಯಂ ಬೆರೆಸಿದ ಸತು ಗ್ಯಾಲೋಜರ್ಮನೇಟ್ ಆ ವಸ್ತು. ಅದು ಸೂಸುವುದು 650ರಿಂದ 1000 ನ್ಯಾನೋಮೀಟರ್ ಅಲೆಯುದ್ದದ ಬೆಳಕು. ಅದರಲ್ಲಿ ಅವಕೆಂಪು ಭಾಗ ನಮ್ಮ ಕಣ್ಣಿಗೆ ಕಾಣದು, ರಾತ್ರಿದರ್ಶಕಕ್ಕೆ ಕಾಣುತ್ತದೆ. ಕೆಲಸ ಉತ್ತಮವಾದುದೇ. ನನ್ನ ತಕರಾರು ‘360 ಗಂಟೆ’ ಎಂಬ ಸಂಖ್ಯೆಯ ಬಗ್ಗೆ.

1996ರಲ್ಲಿ ಜಪಾನಿನಿಂದ ಬಂದ ಹಸಿರು ಬೆಳಕಿನ ಸ್ಟ್ರಾನ್ಷಿಯಂ ಅಲ್ಯೂಮಿನೇಟಿಗೆ ಒಂದು ಅಳತೆಗೋಲಿದೆ. ಹೊಳಪು ಪ್ರತಿ ಚದರ ಮೀಟರಿಗೆ 0.32 ಮಿಲಿಕ್ಯಾಂಡೆಲಾಗೆ ಇಳಿಯುವವರೆಗಿನ ಕಾಲವೇ ಅದರ ಆಯುಸ್ಸು. ಕ್ಯಾಂಡೆಲಾ ಮನುಷ್ಯನ ಕಣ್ಣನ್ನು ಆಧರಿಸಿದ ಮಾನ. ಕಣ್ಣೇ ಕಾಣದ ಬೆಳಕಿಗೆ ಅದು ನಿರರ್ಥಕ. ಹಾಗಾದರೆ 360 ಗಂಟೆಯ ಕೊನೆಯನ್ನು ನಿರ್ಧರಿಸಿದವರು ಯಾರು? ನೋಡಿದ ಉಪಕರಣ. ಇನ್ನೂ ಸೂಕ್ಷ್ಮವಾದ ಉಪಕರಣ ತಂದರೆ ಆಯುಸ್ಸು ತಾನಾಗಿ ಹೆಚ್ಚುತ್ತದೆ; ಪುಡಿ ಮಾತ್ರ ಅದೇ ಪುಡಿ! ಮಂಕಾಗುವಿಕೆ ಸ್ಥೂಲವಾಗಿ ಕಾಲಕ್ಕೆ ವಿಲೋಮವೆಂದುಕೊಂಡರೆ, 360ನೆಯ ಗಂಟೆಯಲ್ಲಿ ಉಳಿಯುವುದು ಮೊದಲ ಗಂಟೆಯ ಕೊನೆಗಿದ್ದ ಬೆಳಕಿನ 360ರಲ್ಲಿ ಒಂದು ಪಾಲು.

ಉಷ್ಣತೆಯ ಪ್ರಶ್ನೆ ಇನ್ನೂ ಮುಖ್ಯ. ಬಿಸಿಲು ಬಿಡಿಸಿದ ಇಲೆಕ್ಟ್ರಾನುಗಳು ಹರಳಿನ ದೋಷಗಳಲ್ಲಿ, ಬಲೆಗೆ ಬಿದ್ದಂತೆ, ಸಿಕ್ಕಿಕೊಳ್ಳುತ್ತವೆ. ಅವನ್ನು ನಿಧಾನವಾಗಿ ಹೊರಗೆಬ್ಬಿಸುವುದು ಸುತ್ತಲಿನ ಶಾಖ. 945ರ ಶಾಸನದಲ್ಲೇ ವಿದ್ಯಾರ್ಥಿಗಳ ದೀಪಕ್ಕೆಂದು 12 ನಿವರ್ತನ ಭೂಮಿ ಬಿಟ್ಟ, ಅಂದರೆ ಬೆಳಕಿಗೆ ಲೆಕ್ಕವಿಟ್ಟ, ನಮ್ಮ ಸಾಲೋಟಗಿಯನ್ನೇ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಅಲ್ಲಿನ ತಗಡಿನ ಮಾಡಿನ ಕೋಣೆಯೊಂದು 42 ಡಿಗ್ರಿಗೆ ಏರಿತೆನ್ನಿ. ಬಲೆಯ ಆಳ 0.7 ಇಲೆಕ್ಟ್ರಾನ್ ವೋಲ್ಟ್ ಇದ್ದರೆ, 27 ಡಿಗ್ರಿಯ ಪ್ರಯೋಗಾಲಯಕ್ಕಿಂತ ಅಲ್ಲಿ ಬಿಡುಗಡೆಯ ದರ ಸುಮಾರು 3.6 ಪಟ್ಟು. ಮೊದಲು ಹೆಚ್ಚು ಹೊಳಪು, ಬಳಿಕ ಬೇಗನೆ ಕತ್ತಲೆ. ಬೋಲ್ಟ್ಸ್‌ಮನ್ ಘಾತವನ್ನು ಬಳಸಿ ನಿಮ್ಮ ಬಿ.ಎಸ್ಸಿ. ವಿದ್ಯಾರ್ಥಿಗಳೇ ಇದನ್ನು ಲೆಕ್ಕ ಹಾಕಬಲ್ಲರು.

ದೂರು ಹೊರದೇಶದವರ ಮೇಲಷ್ಟೇ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ ಮತ್ತು ಸಹೋದ್ಯೋಗಿಗಳು ಲೋಹದ ನೈಟ್ರೇಟುಗಳನ್ನು ಯೂರಿಯಾದೊಡನೆ ಸುಮಾರು 500 ಡಿಗ್ರಿಯ ಕುಲುಮೆಯಲ್ಲಿಟ್ಟು ಕೆಲವೇ ನಿಮಿಷಗಳಲ್ಲಿ ಆಕ್ಸೈಡ್ ಪುಡಿ ಪಡೆಯುವ ದಹನ ವಿಧಾನವನ್ನು 1988ರಲ್ಲಿ ಪ್ರಕಟಿಸಿದರು. 1990ರ ಹೊತ್ತಿಗೆ ಪ್ರತಿದೀಪ್ತಿ ತೋರುವ ಅಲ್ಯೂಮಿನಾ ಆಕ್ಸೈಡುಗಳನ್ನೂ ಹೀಗೆ ಮಾಡಿದ್ದರು. ಅಗ್ಗದ, ಕಾಲೇಜಿಗೆ ಎಟುಕುವ ವಿಧಾನ. ಅದನ್ನು ಅನುಸರಿಸಿ ಬರುತ್ತಿರುವ ಎಷ್ಟೋ ಪ್ರಬಂಧಗಳಲ್ಲಿ ಹೊಸ ಹೊಸ ಅಯಾನುಗಳಿವೆ, ಅಂದವಾದ ಶೃಂಗಗಳಿವೆ. ಲಂಬ ಅಕ್ಷದಲ್ಲಿ ಮಾತ್ರ ‘ಇಚ್ಛಾನುಸಾರ ಮಾನ’. ಒಂದು ಪುಡಿಯನ್ನು ಇನ್ನೊಂದರೊಡನೆ ಹೋಲಿಸುವುದು ಹೇಗೆ?

ಅಂಥ ಪ್ರಬಂಧ ನಿಮ್ಮ ಕೈಗೆ ಬಂದಾಗ ಗಂಟೆಗಳನ್ನು ಬಿಡಿ. ಹತ್ತನೆಯ ಗಂಟೆಯಲ್ಲಿ, ಇಂಥ ಉಷ್ಣತೆಯಲ್ಲಿ, ಚದರ ಮೀಟರಿಗೆ ಎಷ್ಟು ವಾಟ್ ಎಂದು ಬರೆದಿದೆಯೇ, ಅದನ್ನು ಹುಡುಕಿ.