ಬಿಫೋರ್ ಮಂಕು, ಆಫ್ಟರ್ ಥಳಥಳ

ಅಕ್ಕನ ಮಗಳ ನಾಮಕರಣದ ಫೋಟೊ. ತೊಟ್ಟಿಲ ಪಕ್ಕ ನಮ್ಮಜ್ಜಿ, ಮುಖದ ತುಂಬ ನಗು. ಹಿಂದೆ ನೀರಿನ ಬಾಟಲಿ ಹಿಡ್ಕೊಂಡು ನಿಂತ ಕೇಟರಿಂಗ್ ಹುಡುಗ. ಅವನನ್ನ ತೆಗೀಬೇಕಿತ್ತು, ಅಷ್ಟೇ. ಸ್ಟೋರ್‌ನಲ್ಲಿ ಹುಡುಕಿದೆ. ಸಿಕ್ಕ ಆ್ಯಪ್‌ನ ಮೊದಲ ಸ್ಕ್ರೀನ್‌ಶಾಟ್‌ನಲ್ಲೇ ಕಡಲತೀರದ ಹುಡುಗಿ; ಅವಳ ಹಿಂದಿದ್ದ ನಾಲ್ಕು ಜನ ಒಂದೇ ಟಚ್‌ಗೆ ಮಾಯ. ಇನ್‌ಸ್ಟಾಲ್ ಮಾಡಿದೆ. ನಮ್ಮ ಹುಡುಗನೂ ಹೋದ, ಜೊತೆಗೆ ತೊಟ್ಟಿಲ ಒಂದು ಹಗ್ಗವೂ ಹೋಯ್ತು. ಅಜ್ಜಿ ಮುಖ ನೋಡಿದರೆ ಅಕ್ಕಿ ಹಿಟ್ಟು ಬಳಿದ ಹಾಗಿತ್ತು. ಬಣ್ಣ ಬದಲಿಸು ಅಂತ ನಾನು ಹೇಳೇ ಇರಲಿಲ್ಲ. ಇರಲಿ ಅಂತ ಸೇವ್ ಒತ್ತಿದರೆ ವಾರದ ಚಂದಾ ಕೇಳ್ತು.

ಆ್ಯಪ್ ಕೆಟ್ಟದು ಅನ್ನೋದು ಹಳೇ ಗೋಳು, ಬಿಡಿ. ನನ್ನ ತಕರಾರು ಅಂಗಡಿ ಮುಂದೆ ನೇತುಹಾಕಿದ ಚಿತ್ರಗಳ ಬಗ್ಗೆ. ಆಪಲ್‌ನ ಆ್ಯಪ್ ಸ್ಟೋರ್‌ನಲ್ಲಿ ಹತ್ತು ಸ್ಕ್ರೀನ್‌ಶಾಟ್ ಹಾಕಬಹುದು, ಗೂಗಲ್ ಪ್ಲೇನಲ್ಲಿ ಫೋನ್‌ಗೆ ಎಂಟು. ಆದರೆ ಐಫೋನ್‌ನಲ್ಲಿ ಹುಡುಕಿದಾಗ ಕಣ್ಣಿಗೆ ಬೀಳೋದು ಸಾಮಾನ್ಯವಾಗಿ ಮೊದಲ ಮೂರೇ. ಹಾಗಾಗಿ ಎಲ್ಲ ಕಸರತ್ತೂ ಆ ಮೂರರಲ್ಲೇ. ಫೋಟೊ ಎಡಿಟಿಂಗ್ ಆ್ಯಪ್‌ಗಳನ್ನ ಸಾಲಾಗಿ ನೋಡ್ತಾ ಹೋಗಿ, ಒಂದೇ ಸೂತ್ರ: ನಡುವೆ ಗೆರೆ, ಎಡಕ್ಕೆ ಬಿಫೋರ್, ಬಲಕ್ಕೆ ಆಫ್ಟರ್, ಮೇಲೆ ದಪ್ಪಕ್ಷರದಲ್ಲಿ ಒಂದು ಘೋಷಣೆ.

ಆ ಬಿಫೋರ್ ಅನ್ನ ಸ್ವಲ್ಪ ನಿಂತು ನೋಡಿ. ಬಹಳ ಸಲ ಅದು ಯಾರೋ ತೆಗೆದ ಸಾಧಾರಣ ಫೋಟೊ ಅನ್ನಿಸೋದೇ ಇಲ್ಲ. ಒಳ್ಳೇ ಫೋಟೊದ ಬಣ್ಣ ಹಿಂಡಿ ಬೂದಿ ಮಾಡಿಟ್ಟ ಹಾಗಿರುತ್ತೆ. ಕೆಲವು ಕಡೆ ಆಫ್ಟರ್‌ನಲ್ಲಿ ನಗು ಬೇರೆ, ಕೂದಲು ಬೇರೆ, ಬೆಳಕು ಬೀಳೋ ದಿಕ್ಕೂ ಬೇರೆ. ಅಂದರೆ ಅದು ಇನ್ನೊಂದೇ ಫೋಟೊ. ಸೀರೆ ಅಂಗಡಿ ಬೊಂಬೆಯ ಬೆನ್ನ ಹಿಂದೆ ಪಿನ್ನು ಚುಚ್ಚಿರ್ತಾರಲ್ಲ, ಹಾಗೆ. ಅಲ್ಲಾದ್ರೂ ಸೀರೆ ನಿಜದ್ದು, ಮುಟ್ಟಿ ನೋಡಬಹುದು. ಇಲ್ಲಿ ಮಾರ್ತಿರೋ ಸಲಕರಣೆ ಚಿತ್ರದಲ್ಲೇ ಇಲ್ಲ. ಸ್ಲೈಡರ್ ಎಲ್ಲಿದೆ? ಬೆರಳು ಎಲ್ಲಿಡಬೇಕು? ಎಷ್ಟು ಹೆಜ್ಜೆ? ಗೊತ್ತಾಗಲ್ಲ.

ಬಣ್ಣದ ವಿಷಯ ಇನ್ನೂ ಗಂಭೀರ. ಫೇರ್ ಆ್ಯಂಡ್ ಲವ್ಲಿ ಪ್ಯಾಕ್ ಮೇಲಿದ್ದ ಎರಡು ಮುಖಗಳನ್ನು 2019ರಲ್ಲಿ ತೆಗೆದರು. 2020ರಲ್ಲಿ ಹೆಸರಿನಿಂದ 'ಫೇರ್' ಹೋಗಿ 'ಗ್ಲೋ' ಬಂತು. ಆ ಎರಡು ಮುಖ ಎಲ್ಲೂ ಹೋಗಿಲ್ಲ, ಸ್ಟೋರ್‌ಗೆ ಶಿಫ್ಟ್ ಆಗಿವೆ: ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು, ಕೆಳಗೆ 'ಗ್ಲೋ' ಅನ್ನೋ ಬಟನ್. 2017ರಲ್ಲಿ ಫೇಸ್‌ಆ್ಯಪ್‌ನ 'ಹಾಟ್' ಫಿಲ್ಟರ್ ಮೈಬಣ್ಣ ತಿಳಿ ಮಾಡ್ತಿದೆ ಅಂತ ಗಲಾಟೆ ಆದಾಗ ಕಂಪನಿ ಕ್ಷಮೆ ಕೇಳಿತ್ತು. ಕಲಿಕೆಗೆ ಬಳಸಿದ ಚಿತ್ರಗಳಲ್ಲೇ ಪಕ್ಷಪಾತ ಇತ್ತು ಅಂದಿತ್ತು. ಸ್ಕ್ರೀನ್‌ಶಾಟ್‌ಗೆ ಆ ನೆಪವೂ ಇಲ್ಲ. ಅದನ್ನ ಒಬ್ಬ ಡಿಸೈನರ್ ಕೂತು ಆರಿಸಿರ್ತಾರೆ.

ನಿಯಮ ಇಲ್ಲ ಅಂತಲ್ಲ. ಆ್ಯಪ್ ಬಳಕೆಯಲ್ಲಿರೋದನ್ನ ತೋರಿಸಿ, ಬರೀ ಅಲಂಕಾರದ ಚಿತ್ರ ಬೇಡ ಅಂತ ಆಪಲ್ ಹೇಳುತ್ತೆ. ತೋರಿಸಿದ ಸೌಲಭ್ಯಕ್ಕೆ ಬೇರೆ ದುಡ್ಡು ಕೊಡಬೇಕಿದ್ದರೆ ಅದನ್ನೂ ಸ್ಪಷ್ಟವಾಗಿ ತಿಳಿಸಬೇಕು. ಘೋಷಣೆಯ ಅಕ್ಷರ ಚಿತ್ರದ 20% ಮೀರಬಾರದು ಅನ್ನೋದು ಗೂಗಲ್‌ನ ಸಲಹೆ. ಎಷ್ಟು ಜನ ಪಾಲಿಸ್ತಾರೆ, ನೀವೇ ಎಣಿಸಿ.

ಇದನ್ನೆಲ್ಲ ಮಾಡೋರ ಸಮರ್ಥನೆಯೂ ಗೊತ್ತು: 'ಜನ ಎರಡು ಸೆಕೆಂಡ್ ನೋಡ್ತಾರೆ, ಟೆಸ್ಟ್‌ನಲ್ಲಿ ಥಳಥಳ ಅನ್ನೋದೇ ಗೆಲ್ಲುತ್ತೆ.' ಇರಬಹುದು. ಆದರೆ ಆ ಟೆಸ್ಟ್ ಏನನ್ನ ಅಳೆಯುತ್ತೆ? ಗೂಗಲ್ ಪ್ಲೇನ ಪ್ರಯೋಗದಲ್ಲಿ ಇನ್‌ಸ್ಟಾಲ್ ಮಾಡಿ ಉಳಿಸಿಕೊಂಡವರ ಲೆಕ್ಕವೂ ಸಿಗುತ್ತೆ, ಆದರೆ ಒಂದು ದಿನ ಉಳಿಸಿಕೊಂಡರೂ 'ಉಳಿಸಿಕೊಂಡವರು' ಅಂತಲೇ. ನಾನು ಆ ಆ್ಯಪ್ ಕಿತ್ತುಹಾಕಿದ್ದು ಎರಡನೇ ದಿನ. ಅವರ ಲೆಕ್ಕದಲ್ಲಿ ನಾನೂ ಗೆಲುವೇ.

ತಮಾಷೆ ಅಂದರೆ, ಪ್ರಾಮಾಣಿಕ ಬಿಫೋರ್-ಆಫ್ಟರ್ ಈ ಆ್ಯಪ್‌ಗಳ ಒಳಗೇ ಇದೆ. ಸ್ನ್ಯಾಪ್‌ಸೀಡ್ ತರದ ಎಡಿಟರ್‌ಗಳಲ್ಲಿ ಬೆರಳು ಒತ್ತಿ ಹಿಡಿದರೆ ಮೂಲ ಫೋಟೊ ಕಾಣುತ್ತೆ, ಬಿಟ್ಟರೆ ತಿದ್ದಿದ್ದು. ಅದೇ ಫೋಟೊ, ಅದೇ ಬೆಳಕು, ಅದೇ ಮುಖ. ಎಷ್ಟು ತಿದ್ದಿದೆ, ಎಲ್ಲಿ ಅತಿಯಾಯ್ತು ಅಂತ ನಮಗೆ ನಾವೇ ತಿಳ್ಕೊಳ್ಳೋದು ಹಾಗೇ ತಾನೆ? ಒಳಗಿರೋ ಈ ಮರ್ಯಾದೆ ಬಾಗಿಲಲ್ಲಿ ಯಾಕಿಲ್ಲ?

ಇದನ್ನ ಓದ್ತಿರೋರಲ್ಲಿ ಯಾರಾದ್ರೂ ಅಂಥ ಟೀಮ್‌ನಲ್ಲಿರಬಹುದು. ಮುಂದಿನ ರಿಲೀಸ್‌ಗೆ ಒಂದು ಕೆಲಸ ಮಾಡಿ. ಸ್ಟಾಕ್ ಫೋಟೊದ ಮಾಡೆಲ್ ಬದಲು ಟ್ಯೂಬ್‌ಲೈಟ್ ಕೆಳಗೆ, ಛತ್ರದ ಗದ್ದಲದಲ್ಲಿ ತೆಗೆದ ಕಪ್ಪು ಮುಖದ ಒಂದು ಫೋಟೊ ತಗೊಳ್ಳಿ. ಸ್ಲೈಡರ್ ಕಾಣೋ ಹಾಗೆ ತಿದ್ದಿ. ನೆರಳು ತಿಳಿಯಾಗಲಿ, ಮೈಬಣ್ಣ ಇದ್ದ ಹಾಗೇ ಇರಲಿ. ದುಡ್ಡಿನ ಸೌಲಭ್ಯ ಆದರೆ ಅಲ್ಲೇ ಬರೀರಿ. ಅದನ್ನ ಮೊದಲನೇ ಸ್ಕ್ರೀನ್‌ಶಾಟ್ ಮಾಡಿ.

ನಾಮಕರಣದ ಫೋಟೊನ ಕೊನೆಗೆ ತಿದ್ದದೇ ಪ್ರಿಂಟ್ ಹಾಕಿಸಿದೆ. ಬಾಟಲಿ ಹಿಡಿದ ಹುಡುಗನೂ ಇದ್ದಾನೆ. ಅಜ್ಜಿ ಅಜ್ಜಿ ಥರಾನೇ ಇದ್ದಾರೆ.