ಕಪ್ಪು ಪರದೆಯ ಕಾರಣವಿಚಾರ

ದೂರದ ಊರಿನಲ್ಲಿ ಕುಳಿತು ಮನೆಯ ಕಂಪ್ಯೂಟರನ್ನು ನಡೆಸುವ ಕಲೆಯಲ್ಲಿ ಅಭಿರುಚಿಯುಳ್ಳವರಿಗೆ ಅತ್ಯಂತ ವ್ಯಾಕುಲತೆಯನ್ನುಂಟುಮಾಡುವ ಸಂದರ್ಭವೆಂದರೆ, ಸಂಪರ್ಕವು ದೊರೆತು, ಪಾಸ್‌ವರ್ಡು ಸ್ವೀಕೃತವಾಗಿ, ಇನ್ನೇನು ಮನೆಯ ಪರದೆ ಕಣ್ಣಮುಂದೆ ಮೂಡಬೇಕೆನ್ನುವಷ್ಟರಲ್ಲಿ ಬರಿಯ ಕಪ್ಪು ಬಯಲೊಂದು ಕಾಣಿಸಿಕೊಳ್ಳುವುದು. ಅಂಥಲ್ಲಿ ಬಹುಮಂದಿ ಇಂಟರ್‌ನೆಟ್ಟನ್ನು ದೂರುತ್ತಾರೆ. ಮನೆಯವರಿಗೆ ಫೋನು ಮಾಡಿ ರೂಟರನ್ನು ಆರಿಸಿ ಹಾಕಿಸುತ್ತಾರೆ. ಕೊನೆಗೆ ಬೇಸತ್ತು ಕೈಬಿಡುತ್ತಾರೆ. ಆದರೆ ಪಾಸ್‌ವರ್ಡನ್ನು ಹೊತ್ತು ಹೋದ ದಾರಿ, ಅದರ ಉತ್ತರವನ್ನೂ ಹೊತ್ತು ತಂದಿರುವಾಗ, ಆ ದಾರಿಯನ್ನು ಮೊದಲಿಗೇ ಶಂಕಿಸುವುದು ನ್ಯಾಯವಲ್ಲ. ಮೊದಲು ವಿಚಾರಿಸಬೇಕಾದುದು, ಮನೆಯಲ್ಲಿರುವ ಯಂತ್ರವು ತನಗೆ ಪರದೆಯೊಂದು ಉಂಟೆಂದು ನಂಬಿದೆಯೋ ಇಲ್ಲವೋ ಎಂಬುದನ್ನು.

ದೂರದಿಂದ ಕಂಪ್ಯೂಟರನ್ನು ನಡೆಸುವ ಸಾಧನಗಳಲ್ಲಿ ಎರಡು ಕುಲಗಳುಂಟು. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಒಲಿವೆಟ್ಟಿ ಸಂಶೋಧನಾಲಯದಲ್ಲಿ ರೂಪುಗೊಂಡು ೧೯೯೮ರಲ್ಲಿ ಎಲ್ಲರಿಗೂ ಉಚಿತವಾಗಿ ದೊರೆತ ವಿಎನ್‌ಸಿ ಎಂಬುದು, ಮನೆಯ ಪರದೆಯ ಮೇಲೆ ಮೂಡಿದ ಚಿತ್ರವನ್ನೇ ಗಮನಿಸುತ್ತಿದ್ದು, ಅದರಲ್ಲಿ ಬದಲಾದ ಭಾಗಗಳನ್ನು ಮಾತ್ರ ಆಯ್ದು ನಮಗೆ ಕಳುಹಿಸುತ್ತದೆ. ಇಂದು ಬಳಕೆಯಲ್ಲಿರುವ ಎನಿಡೆಸ್ಕ್, ಟೀಮ್‌ವ್ಯೂವರ್‌ಗಳೂ ಈ ಅರ್ಥದಲ್ಲಿ ಅದರ ಬಳಗಕ್ಕೇ ಸೇರಿದವು. ಅದೇ ವರ್ಷ ವಿಂಡೋಸ್ ಎನ್‌ಟಿ ೪.೦ರ ಟರ್ಮಿನಲ್ ಸರ್ವರ್ ಆವೃತ್ತಿಯೊಡನೆ ಬಂದ ಮೈಕ್ರೋಸಾಫ್ಟಿನ ಕ್ರಮವಾದರೋ, ಮನೆಯ ಮಾನಿಟರಿನ ಗೊಡವೆಗೇ ಹೋಗದೆ, ನೋಡುವವರ ಪರದೆಯ ಅಳತೆಗೆ ತಕ್ಕ ಹೊಸ ಪರದೆಯೊಂದನ್ನು ಯಂತ್ರದ ಸ್ಮೃತಿಯಲ್ಲಿಯೇ ಕಲ್ಪಿಸಿಕೊಡುತ್ತದೆ. ವಿಂಡೋಸಿನ ಹೋಮ್ ಆವೃತ್ತಿಯುಳ್ಳ ಯಂತ್ರಕ್ಕೆ ಈ ಎರಡನೆಯ ಮಾರ್ಗದಿಂದ ಪ್ರವೇಶವಿಲ್ಲವಾದುದರಿಂದ, ಅನೇಕ ಗೃಹಸ್ಥರು ಅನಿವಾರ್ಯವಾಗಿ ಮೊದಲನೆಯದನ್ನೇ ಅವಲಂಬಿಸುತ್ತಾರೆ. ಅದು ಕನ್ನಡಿಯಂತೆ, ಎದುರಿಗೆ ಇದ್ದುದನ್ನು ಮಾತ್ರ ತೋರಿಸಬಲ್ಲುದು.

ಎದುರಿಗೆ ಏನೂ ಇಲ್ಲದಂತಾಗುವುದು ಹೇಗೆ? ಪ್ರತಿಯೊಂದು ಮಾನಿಟರಿನೊಳಗೂ ಪುಟ್ಟದೊಂದು ಸ್ಮೃತಿಯಿದ್ದು, ತನ್ನ ಹೆಸರು, ತನ್ನ ಅಳತೆ, ತಾನು ತೋರಿಸಬಲ್ಲ ರೆಸಲ್ಯೂಷನ್ನುಗಳು ಇವೆಲ್ಲವನ್ನೂ ೧೨೮ ಬೈಟುಗಳಷ್ಟು ಚಿಕ್ಕದೊಂದು ವಿವರಪತ್ರದಲ್ಲಿ ಅದು ಹಿಡಿದಿಟ್ಟುಕೊಂಡಿರುತ್ತದೆ. ಇಡಿಐಡಿ ಎಂದು ಕರೆಯಲ್ಪಡುವ ಈ ಪತ್ರದ ರೂಪವನ್ನು ವೆಸಾ ಎಂಬ ಸಂಸ್ಥೆ ೧೯೯೪ರಲ್ಲಿ ಗೊತ್ತುಪಡಿಸಿತು. ಕಂಪ್ಯೂಟರು ಎಚ್ಚೆತ್ತೊಡನೆ ಕೇಬಲಿನ ಮೂಲಕ ಈ ಪತ್ರವನ್ನು ಕೇಳುತ್ತದೆ. ಉತ್ತರ ಬಾರದಿದ್ದರೆ ಕೆಲವು ಯಂತ್ರಗಳು ಚಿತ್ರವನ್ನು ರಚಿಸುವ ಶ್ರಮಕ್ಕೇ ಹೋಗವು, ಕೆಲವು ೧೦೨೪ಕ್ಕೆ ೭೬೮ರಂತಹ ಕಿರಿದಾದ ಪರದೆಯೊಂದನ್ನು ಕಾಟಾಚಾರಕ್ಕೆ ಬರೆದು ಸುಮ್ಮನಾಗುತ್ತವೆ. ಎಚ್‌ಡಿಎಂಐ ಕೇಬಲಿನ ಹತ್ತೊಂಬತ್ತು ತಂತುಗಳ ಪೈಕಿ ಹದಿನೆಂಟನೆಯದರಲ್ಲಿ ಕಂಪ್ಯೂಟರೇ ಐದು ವೋಲ್ಟುಗಳನ್ನು ಕಳುಹಿಸುವುದರಿಂದ, ಮಾನಿಟರು ಆರಿದ್ದರೂ ಅದರ ಸ್ಮೃತಿಯು ಅನೇಕ ವೇಳೆ ಉತ್ತರ ಕೊಡಬಲ್ಲುದು. ಡಿಸ್‌ಪ್ಲೇಪೋರ್ಟಿನಲ್ಲಾದರೆ, ಆರಿಸಿದ ಮಾನಿಟರು ಬಹಳಷ್ಟು ಸಲ ಕಿತ್ತುಹಾಕಿದ ಮಾನಿಟರಿಗೆ ಸಮಾನ.

ಈಗ ನಮ್ಮ ಮನೆಗಳ ಸಂಗತಿಯನ್ನು ಯೋಚಿಸಿ. ಮಾನಿಟರಿನ ಕೆಂಪು ದೀಪ ಉರಿಯುತ್ತಿರುವುದನ್ನು ಕಂಡ ಹಿರಿಯರು, ವೃಥಾ ವಿದ್ಯುತ್ತು ವ್ಯಯವಾಗುತ್ತಿದೆಯೆಂದು ಗೋಡೆಯ ಸ್ವಿಚ್ಚನ್ನು ಆರಿಸುತ್ತಾರೆ; ಮಧ್ಯಾಹ್ನ ಕರೆಂಟು ಹೋಗುತ್ತದೆ, ಯುಪಿಎಸ್‌ನ ಬ್ಯಾಟರಿ ಬರಿದಾಗುತ್ತದೆ; ಕರೆಂಟು ಮರಳಿ ಬಂದಾಗ ತಾನಾಗಿ ಏಳುವಂತೆ ಬಯಾಸಿನಲ್ಲಿ ಅಣಿಗೊಳಿಸಿದ ಯಂತ್ರವು ಎದ್ದು, ಪರದೆಯೆಲ್ಲಿ ಎಂದು ಕೇಳಿ, ಉತ್ತರ ಕಾಣದೆ, ಪರದೆಯಿಲ್ಲದ ಬಾಳಿಗೆ ಒಗ್ಗಿಕೊಳ್ಳುತ್ತದೆ. ಸಾಯಂಕಾಲ ಪರಸ್ಥಳದಿಂದ ಇಣುಕಿದವರಿಗೆ ಕಾಣುವುದು ಆ ಶೂನ್ಯವೇ.

ಇದಕ್ಕೆ ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುವ ಪರಿಹಾರವೆಂದರೆ ಡಮ್ಮಿ ಪ್ಲಗ್. ಹೆಬ್ಬೆರಳಿನ ಗಾತ್ರದ ಈ ವಸ್ತುವಿನ ಒಳಗೆ, ಉಗುರಿನಗಲದ ಹಸಿರು ಫಲಕದ ಮೇಲೆ, ಒಂದು ಸ್ಮೃತಿಚಿಪ್ಪು ಮತ್ತು ಕೆಲವು ರೆಸಿಸ್ಟರುಗಳ ಹೊರತು ಹೆಚ್ಚಿನದೇನೂ ಇಲ್ಲ; ಅದು ಮಾಡತಕ್ಕ ಕಾರ್ಯವೂ ಒಂದೇ, ಕಂಪ್ಯೂಟರು ಕೇಳಿದಾಗ ವಿವರಪತ್ರವನ್ನು ಒಪ್ಪಿಸುವುದು. ೪ಕೆ ಎಂದು ಘೋಷಿಸಿಕೊಳ್ಳುವ ಪ್ಲಗ್ಗನ್ನು ಚುಚ್ಚಿ ಅಕ್ಷರಗಳು ಸಾಸಿವೆಯಷ್ಟಾದುವೆಂದು ಕೊರಗುವವರು, ಸೆಟ್ಟಿಂಗ್ಸಿನಲ್ಲಿ ೧೯೨೦ಕ್ಕೆ ೧೦೮೦ನ್ನು ಆರಿಸಿಕೊಂಡರೆ ಸಾಕು. ಲಿನಕ್ಸ್ ಬಳಸುವವರಲ್ಲಿ ಮಾತ್ರ ಮಾನಿಟರು ಇದ್ದೂ ಕಪ್ಪು ಕಾಣುವ ಪ್ರಸಂಗವುಂಟು; ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯು ಒಂದು ತಂತ್ರಾಂಶವು ಇಡಿಯ ಪರದೆಯನ್ನು ತನ್ನಿಚ್ಛೆಯಂತೆ ನೋಡುವುದನ್ನು ನಿಷೇಧಿಸಿರುವುದೇ ಅದಕ್ಕೆ ಕಾರಣ. ಅಲ್ಲಿ ಹಳೆಯ ವಿಎನ್‌ಸಿ ಸಾಧನಗಳೊಡನೆ ಹೆಣಗುವುದಕ್ಕಿಂತ, ವ್ಯವಸ್ಥೆಯೊಡನೆಯೇ ಬರುವ ರಿಮೋಟ್ ಡೆಸ್ಕ್‌ಟಾಪನ್ನು ಆಶ್ರಯಿಸುವುದು ಮೇಲು. ಇನ್ನು ವಿಂಡೋಸಿನಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿದ್ದು, ಹೊಸ ತಂತ್ರಾಂಶವೊಂದನ್ನು ಹಾಕುವ ಗಳಿಗೆಯಲ್ಲಿ ಮಾತ್ರ ಪರದೆ ಕಪ್ಪಾದರೆ, ಅಲ್ಲಿ ಅನುಮತಿಯ ಪ್ರಶ್ನೆಯೊಂದು ಎದ್ದಿದೆಯೆಂದು ತಿಳಿಯಿರಿ. ಆ ಪ್ರಶ್ನೆಯನ್ನು ಇತರ ತಂತ್ರಾಂಶಗಳ ದೃಷ್ಟಿಗೆ ಬೀಳದ ಪ್ರತ್ಯೇಕ ಪರದೆಯ ಮೇಲೆ ಕೇಳಲಾಗುತ್ತದೆ, ಮನೆಯಲ್ಲಿದ್ದವರು ಯಾರಾದರೂ ಅದಕ್ಕೆ ಒಪ್ಪಿಗೆಯಿತ್ತರೆ ಚಿತ್ರ ಮರಳುತ್ತದೆ.

ಕಪ್ಪು ತೊಲಗಿದ ಮೇಲೆ ಉಳಿಯುವ ತೊಂದರೆ ಮಸುಕು. ಕನ್ನಡವನ್ನು ಓದಿ ಬರೆಯುವವರು ಇದನ್ನು ಇತರರಿಗಿಂತ ಹೆಚ್ಚು ಅನುಭವಿಸುತ್ತಾರೆ. ಪೂರ್ಣವರ್ಣದ ೧೯೨೦ಕ್ಕೆ ೧೦೮೦ರ ಒಂದು ಚಿತ್ರಕ್ಕೆ ಸುಮಾರು ೬೨ ಲಕ್ಷ ಬೈಟುಗಳು ಬೇಕಾಗುವುದರಿಂದ ಅದನ್ನು ಹಿಂಡಿ ಕಳುಹಿಸದೆ ಗತ್ಯಂತರವಿಲ್ಲ; ಹಿಂಡುವ ಕ್ರಮವು ಜೆಪೆಗ್ ಆಗಿದ್ದರೆ, ಚಿತ್ರವನ್ನು ಎಂಟಕ್ಕೆ ಎಂಟು ಬಿಂದುಗಳ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲಿಯೂ ಸೂಕ್ಷ್ಮ ವಿವರಗಳನ್ನು ತ್ಯಜಿಸಲಾಗುತ್ತದೆ. ಮುಖದ ಫೋಟೋಗೆ ಇದರಿಂದ ಹಾನಿಯಿಲ್ಲ. ಆದರೆ ‘ರಾಷ್ಟ್ರ’ ಎಂದು ಬರೆದು ನೋಡಿ: ಷಕಾರದ ಕೆಳಗಿನ ಟಕಾರ, ಅದರೊಡನೆ ಸೇರಿದ ರಕಾರದ ಒತ್ತು, ಎರಡೂ ಒಂದೇ ಚೌಕದೊಳಗೆ ಸಿಲುಕಿ ಬೂದುಬಣ್ಣದ ಕಲೆಯಾಗುತ್ತವೆ, ‘ಪ’ ಮತ್ತು ‘ಷ’ಗಳನ್ನು ಬೇರ್ಪಡಿಸುವ ಒಂದು ಗೆರೆ ಅಳಿಸಿ ಹೋಗುತ್ತದೆ. ಕರಡನ್ನು ತಿದ್ದುವವರಿಗೆ ಇದು ಸಹಿಸತಕ್ಕ ನಷ್ಟವಲ್ಲ. ಆದುದರಿಂದ ಸಂಪರ್ಕ ಮಂದವಾಗಿದ್ದಾಗ ಬಣ್ಣಗಳ ಸಂಖ್ಯೆಯನ್ನು ಧಾರಾಳವಾಗಿ ಇಳಿಸಿ. ಜೆಪೆಗ್ಗನ್ನು ಮಾತ್ರ ದೂರವಿಡಿ, ವಿವರವನ್ನು ಕಳೆಯದ ಜ಼ೆಡ್‌ಆರ್‌ಎಲ್‌ಇಯಂತಹ ಕ್ರಮವನ್ನು ಆರಿಸಿಕೊಳ್ಳಿ. ಮೈಕ್ರೋಸಾಫ್ಟಿನ ಮಾರ್ಗದಲ್ಲಿ ಬರುವವರು, ಅಕ್ಷರಗಳ ಅಂಚನ್ನು ನಯಗೊಳಿಸುವ ಆಯ್ಕೆಗೆ ಗುರುತು ಹಾಕಿದೆಯೇ ಎಂದು ನೋಡಿಕೊಳ್ಳಬೇಕು. ಇವೆಲ್ಲಕ್ಕಿಂತ ಮೊದಲು ಅಳತೆಯನ್ನು ಹೊಂದಿಸಬೇಕು: ೧೯೨೦ ಬಿಂದುಗಳ ಅಗಲವನ್ನು ೧೩೬೬ರ ಲ್ಯಾಪ್‌ಟಾಪಿನೊಳಗೆ ಕುಗ್ಗಿಸಿದಾಗ ಮೂರು ಬಿಂದುಗಳ ಗೆರೆಗೆ ಎರಡು ಬಿಂದುಗಳಿಗಿಂತ ತುಸುವೇ ಹೆಚ್ಚು ಸ್ಥಳ ದೊರೆಯುವುದರಿಂದ, ಮನೆಯ ಪರದೆಯನ್ನೇ ೧೩೬೬ಕ್ಕೆ ೭೬೮ಕ್ಕೆ ಇಳಿಸಿ, ಕುಗ್ಗಿಸದೆ ನೋಡುವುದು ಉತ್ತಮ.

ಕಪ್ಪು ಪರದೆಯಿಂದ ಕಂಗೆಟ್ಟ ಕೆಲವರು ರೂಟರಿನಲ್ಲಿ ೩೩೮೯, ೫೯೦೦ ಮುಂತಾದ ದ್ವಾರಗಳನ್ನು ಲೋಕಕ್ಕೆಲ್ಲ ತೆರೆದಿಡುವುದುಂಟು. ಪಾಸ್‌ವರ್ಡು ತಲುಪಿದ ಮೇಲೆ ಪರದೆ ಕಪ್ಪಾಗಿದ್ದರೆ ಆ ದ್ವಾರಗಳಿಂದ ಯಾವ ಪ್ರಯೋಜನವೂ ಇಲ್ಲ. ಕಳ್ಳರಿಗೆ ಮಾತ್ರ ಅನುಕೂಲ. ಅದರ ಬದಲು, ಊರಿಗೆ ಹೊರಡುವ ಹಿಂದಿನ ದಿನ ಮಾನಿಟರಿನ ಸ್ವಿಚ್ಚನ್ನು ಆರಿಸಿ, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ, ಮನೆಯ ವೈಫೈಯನ್ನು ಬಿಟ್ಟು ಫೋನಿನ ಡೇಟಾದ ಮೂಲಕ ಒಮ್ಮೆ ಪ್ರವೇಶಿಸಿ ನೋಡಿ. ಪರದೆ ಆಗಲೇ ಕಪ್ಪಾದರೆ, ಪ್ಲಗ್ಗನ್ನು ಕೊಂಡು ಚುಚ್ಚುವುದಕ್ಕೆ ಇನ್ನೂ ವ್ಯವಧಾನವಿರುತ್ತದೆ.