ಹದಿನಾರು ಖಾನೆಗಳ ಲೆಕ್ಕ

ಬೆಂಗಳೂರಿನ ಕಂಪನಿಗಳಲ್ಲಿ ಹೊಸ ತಂಡ ಕಟ್ಟುವಾಗ ನಡೆಸುವ ತರಬೇತಿಗಳಲ್ಲಿ ಒಂದು ಬಗೆಯ ಪ್ರಶ್ನಾವಳಿ ಆಗಾಗ ಎದುರಾಗುತ್ತದೆ. ಬಿಡುವಿನ ಹೊತ್ತನ್ನು ಜನರ ನಡುವೆ ಕಳೆಯುವುದು ಇಷ್ಟವೋ, ಒಬ್ಬರೇ ಕಳೆಯುವುದು ಇಷ್ಟವೋ? ಕೆಲಸವನ್ನು ಮೊದಲೇ ಯೋಜಿಸಿಕೊಳ್ಳುತ್ತೀರೋ, ಬಂದಂತೆ ನಿಭಾಯಿಸುತ್ತೀರೋ? ಈ ಧಾಟಿಯಲ್ಲಿ ಕೇಳುತ್ತಾ ಹೋಗಿ ಕೊನೆಗೆ ಅದು ನಾಲ್ಕು ಅಕ್ಷರಗಳ ಒಂದು ಗುರುತು ಕೊಡುತ್ತದೆ: ಐಎನ್‌ಟಿಜೆ, ಇಎಸ್‌ಎಫ್‌ಪಿ, ಹೀಗೆ. ಜನ ಹೆಚ್ಚು ಮಾತಾಡುವುದು ಮೊದಲ ಅಕ್ಷರದ ಬಗ್ಗೆ. ಐ ಎಂದರೆ ಅಂತರ್ಮುಖಿ, ಇ ಎಂದರೆ ಬಹಿರ್ಮುಖಿ. ಇದು ಮೈಯರ್ಸ್–ಬ್ರಿಗ್ಸ್ ಟೈಪ್ ಇಂಡಿಕೇಟರ್, ಅಂದರೆ ಎಂಬಿಟಿಐ. ಜಗತ್ತಿನ ಅತಿ ಜನಪ್ರಿಯ ವ್ಯಕ್ತಿತ್ವ ಪರೀಕ್ಷೆಗಳಲ್ಲಿ ಒಂದು. ಅದು ಕೈಹಾಕಿರುವ ವಿಷಯ ನಿಜವಾದದ್ದು. ಅಳೆಯುವ ರೀತಿ ಮಾತ್ರ ಆ ವಿಷಯಕ್ಕೆ ನ್ಯಾಯ ಒದಗಿಸುವುದಿಲ್ಲ.

ಇದರ ಬೇರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ‘ಮನೋವೈಜ್ಞಾನಿಕ ಮಾದರಿಗಳು’ ಎಂಬ ಗ್ರಂಥದಲ್ಲಿದೆ. ಒಂದೇ ಬಗೆಯ ರೋಗಿಗಳನ್ನು ನೋಡುತ್ತಿದ್ದ ಮನೋವಿಶ್ಲೇಷಕರಾದ ಫ್ರಾಯ್ಡ್ ಮತ್ತು ಆ್ಯಡ್ಲರ್ ಅಷ್ಟು ಬೇರೆ ಬೇರೆ ತೀರ್ಮಾನಗಳಿಗೆ ಬಂದದ್ದೇಕೆ ಎಂಬ ಪ್ರಶ್ನೆ ಯೂಂಗ್ ಅವರನ್ನು ಕಾಡಿತ್ತು. ಒಬ್ಬರ ಮನಸ್ಸು ಹೊರಗಿನ ವಸ್ತುವಿನತ್ತ ಹರಿಯುತ್ತದೆ, ಇನ್ನೊಬ್ಬರದು ಒಳಗಿನ ಅನುಭವದತ್ತ ತಿರುಗುತ್ತದೆ ಎಂಬುದು ಅವರಿಗೆ ಹೊಳೆದ ಉತ್ತರ. ಆದರೆ ಅವರು ಮನುಷ್ಯರನ್ನು ಎರಡು ಪಂಗಡ ಮಾಡಲು ಹೊರಟವರಲ್ಲ. ಎರಡೂ ಪ್ರವೃತ್ತಿಗಳು ಪ್ರತಿಯೊಬ್ಬರಲ್ಲೂ ಇವೆ, ಒಂದು ಮುಂದಿದ್ದಾಗ ಇನ್ನೊಂದು ಹಿನ್ನೆಲೆಯಲ್ಲಿರುತ್ತದೆ ಎಂದು ಅವರು ಕಂಡಿದ್ದರು. ಅದೇ ಗ್ರಂಥದಲ್ಲಿ ಉಪನಿಷತ್ತುಗಳನ್ನೂ ನಿರ್ದ್ವಂದ್ವ ಸ್ಥಿತಿಯ ಕಲ್ಪನೆಯನ್ನೂ ಅವರು ಚರ್ಚಿಸುತ್ತಾರೆ. ವಿರುದ್ಧಗಳ ನಡುವೆ ಸಮತೋಲ ಹುಡುಕುವುದು ಅವರ ಕಾಳಜಿಯಾಗಿತ್ತು.

ಆ ಗ್ರಂಥವನ್ನು ಪ್ರಶ್ನಾವಳಿಯಾಗಿಸಿದವರು ಅಮೆರಿಕದ ತಾಯಿ–ಮಗಳು, ಕ್ಯಾಥರಿನ್ ಬ್ರಿಗ್ಸ್ ಮತ್ತು ಇಸಬೆಲ್ ಬ್ರಿಗ್ಸ್ ಮೈಯರ್ಸ್. ಇಬ್ಬರೂ ಮನಶ್ಶಾಸ್ತ್ರದಲ್ಲಿ ಪದವಿ ಪಡೆದವರಲ್ಲ. ಕ್ಯಾಥರಿನ್ ಜನರ ಸ್ವಭಾವಗಳನ್ನು ತಮ್ಮದೇ ರೀತಿಯಲ್ಲಿ ವಿಂಗಡಿಸುತ್ತಿದ್ದರು. 1923ರಲ್ಲಿ ಯೂಂಗ್ ಗ್ರಂಥದ ಇಂಗ್ಲಿಷ್ ಅನುವಾದ ಕೈಗೆ ಸಿಕ್ಕ ಮೇಲೆ ಅದನ್ನೇ ಆಧಾರ ಮಾಡಿಕೊಂಡರು. ಇಸಬೆಲ್ ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಗೆದ್ದಿದ್ದ ಲೇಖಕಿ. ಎರಡನೇ ಮಹಾಯುದ್ಧ ಶುರುವಾಗಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕಾರ್ಖಾನೆ, ಕಚೇರಿಗಳಿಗೆ ಕೆಲಸಕ್ಕೆ ಬಂದಾಗ, ಯಾರಿಗೆ ಯಾವ ಕೆಲಸ ಒಗ್ಗುತ್ತದೆ ಎಂದು ತಿಳಿಯಲು ಒಂದು ಸಾಧನ ಬೇಕು ಎಂದು ಅವರಿಗೆ ಅನಿಸಿತು. ಫಿಲಡೆಲ್ಫಿಯಾದ ಬ್ಯಾಂಕೊಂದರಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಹೇ ಅವರ ಬಳಿ ಪರೀಕ್ಷೆ ರೂಪಿಸುವ ಕೆಲಸ ಕಲಿತರು. ಗೆಳೆಯರು, ಬಂಧುಗಳು, ಶಾಲಾ ಮಕ್ಕಳು, ವೈದ್ಯಕೀಯ ವಿದ್ಯಾರ್ಥಿಗಳಿಂದ ಉತ್ತರ ಸಂಗ್ರಹಿಸಿ ಪ್ರಶ್ನೆಗಳನ್ನು ದಶಕಗಳ ಕಾಲ ತಿದ್ದಿದರು.

ಆ ಶ್ರಮವನ್ನು ಹಗುರವಾಗಿ ಕಾಣಬಾರದು. ಆ ಕಾಲದ ಬಹುತೇಕ ವ್ಯಕ್ತಿತ್ವ ಪರೀಕ್ಷೆಗಳು ಮನುಷ್ಯನಲ್ಲಿ ಕೊರತೆ, ಅಸ್ವಸ್ಥತೆ ಹುಡುಕಲು ಹುಟ್ಟಿದವು. ಇಸಬೆಲ್ ಅವರ ಪಟ್ಟಿಯಲ್ಲಿ ಕೆಟ್ಟ ಮಾದರಿ ಎಂಬುದೇ ಇಲ್ಲ. ನಾಲ್ಕು ಅಕ್ಷರಗಳಿಂದ ಆಗುವ ಹದಿನಾರು ಮಾದರಿಗಳಲ್ಲಿ ಯಾವುದು ಬಂದರೂ ಅದಕ್ಕೆ ತನ್ನದೇ ಶಕ್ತಿಯುಂಟು. ತರಗತಿಯಲ್ಲಿ ಕೈಯೆತ್ತದ, ಸಭೆಯಲ್ಲಿ ಬಾಯಿ ತೆರೆಯದ, ನೆಂಟರು ಬಂದಾಗ ಒಳಕೋಣೆ ಸೇರುವ ಹುಡುಗಿಗೆ ‘ಯಾಕೆ ಸಪ್ಪಗಿದ್ದೀಯ’ ಎಂಬ ಮಾತೇ ಬಾಲ್ಯವಿಡೀ ಸಿಕ್ಕಿರುತ್ತದೆ. ನಿನ್ನಲ್ಲಿ ದೋಷವಿಲ್ಲ, ನಿನ್ನ ಮನಸ್ಸು ಕೆಲಸ ಮಾಡುವ ಬಗೆ ಹೀಗೆ ಎಂದು ಒಂದು ಹಾಳೆ ಹೇಳಿದಾಗ ಅವಳಿಗೆ ಸಿಗುವ ಸಮಾಧಾನ ಸುಳ್ಳಲ್ಲ. ಎಂಬಿಟಿಐ ಜನರನ್ನು ಒಲಿಸಿಕೊಂಡಿರುವುದಕ್ಕೆ ಇದು ದೊಡ್ಡ ಕಾರಣ.

ತೊಂದರೆ ಇರುವುದು ನಡುವೆ ಎಳೆದ ಗೆರೆಯಲ್ಲಿ. ಸಾವಿರಾರು ಜನರ ಅಂತರ್ಮುಖ–ಬಹಿರ್ಮುಖ ಅಂಕಗಳನ್ನು ನಕ್ಷೆಯಾಗಿ ಬರೆದರೆ ಎರಡು ಬೇರೆ ಗುಡ್ಡಗಳು ಕಾಣಬೇಕಿತ್ತು. ಕಾಣುವುದು ನಡುವೆ ಉಬ್ಬಿದ ಒಂದೇ ಗುಡ್ಡ. ಹೆಚ್ಚಿನವರು ನಡುವಿನ ಆಸುಪಾಸಿನಲ್ಲೇ ಇರುತ್ತಾರೆ, ತೀರಾ ಅತ್ತ ಇತ್ತ ಇರುವವರು ಕೆಲವರೇ. ಅಂಥ ಗುಡ್ಡದ ನೆತ್ತಿಯ ಮೇಲೆಯೇ ಗೆರೆ ಎಳೆದಾಗ ಆಗುವುದೇನು ಎಂಬುದು ಎಸ್‌ಎಸ್‌ಎಲ್‌ಸಿ ಬರೆದವರಿಗೆಲ್ಲ ಗೊತ್ತು. ಬಹುಕಾಲ 35 ಪಾಸಿನ ಅಂಕವಾಗಿದ್ದಾಗ 34 ಪಡೆದವನೂ 35 ಪಡೆದವನೂ ಬೇರೆ ಬೇರೆ ಪಂಗಡ ಸೇರುತ್ತಿದ್ದರು. 35 ಮತ್ತು 95 ಪಡೆದವರು ಒಂದೇ ಪಂಗಡ. ಎಂಬಿಟಿಐ ನಾಲ್ಕು ಕಡೆ ಇಂಥದೇ ಗೆರೆ ಎಳೆದು, ಎರಡೂ ಬದಿಯವರನ್ನು ಭಿನ್ನ ಜಾತಿಯ ಮನುಷ್ಯರೆಂಬಂತೆ ವಿವರಿಸುತ್ತದೆ.

ಫಲಿತಾಂಶ ಅಲುಗಾಡುವುದು ಇದರಿಂದಲೇ. ಮನಶ್ಶಾಸ್ತ್ರಜ್ಞ ಡೇವಿಡ್ ಪಿಟೆಂಜರ್ 1993ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ, ಐದು ವಾರಗಳ ಅಂತರದಲ್ಲಿ ಮತ್ತೆ ಉತ್ತರಿಸಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕನಿಷ್ಠ ಒಂದು ಅಕ್ಷರವಾದರೂ ಬದಲಾಗುತ್ತದೆ ಎಂದು ತೋರಿಸಿದರು. ಅವರ ಸ್ವಭಾವ ಐದು ವಾರದಲ್ಲಿ ಮಗುಚಿಕೊಂಡಿರಲಿಲ್ಲ. ಗೆರೆಯ ಹತ್ತಿರವಿದ್ದವರು ಒಂದೆರಡು ಉತ್ತರ ಬದಲಿಸಿ ಆಚೆ ದಾಟಿದ್ದರು, ಅಷ್ಟೆ. ಇಂಥ ಅನುಮಾನ ಹೊಸದೂ ಅಲ್ಲ. ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಸಂಸ್ಥೆ 1962ರಲ್ಲಿ ಈ ಪರೀಕ್ಷೆಯನ್ನು ಸಂಶೋಧನೆಗೆಂದು ಪ್ರಕಟಿಸಿತು. ಎರಡೇ ವರ್ಷಗಳಲ್ಲಿ ಲಾರೆನ್ಸ್ ಸ್ಟ್ರಿಕರ್ ಮತ್ತು ಜಾನ್ ರಾಸ್ ಎಂಬ ಸಂಶೋಧಕರು ಮಾದರಿಗಳ ಕಲ್ಪನೆಗೆ ಆಧಾರ ತೆಳುವಾಗಿದೆ ಎಂದು ಬರೆದರು. 1991ರಲ್ಲಿ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನ ಸಮಿತಿಯೂ ವೃತ್ತಿ ಸಲಹೆಗೆ ಇದನ್ನು ಬಳಸಲು ಸಾಕಷ್ಟು ಪುರಾವೆಯಿಲ್ಲ ಎಂದಿತು.

ಹಾಗಿದ್ದರೂ ಫಲಿತಾಂಶ ಓದಿದವರು ‘ಇದು ನಾನೇ’ ಎನ್ನುತ್ತಾರಲ್ಲ? ಇದನ್ನು ಅರ್ಥಮಾಡಿಕೊಳ್ಳಲು ಬರ್ಟ್ರಮ್ ಫೋರರ್ ಎಂಬ ಅಧ್ಯಾಪಕರ ಪ್ರಯೋಗ ನೆರವಾಗುತ್ತದೆ. 1948ರಲ್ಲಿ ಅವರು ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಬಳಿಕ ಪ್ರತಿಯೊಬ್ಬರಿಗೂ ವ್ಯಕ್ತಿತ್ವದ ವಿವರಣೆ ಹಂಚಿದರು. ಎಷ್ಟು ನಿಖರವಾಗಿದೆ ಎಂದು ಐದಕ್ಕೆ ಅಂಕ ಕೊಡಲು ಹೇಳಿದಾಗ ಸರಾಸರಿ 4.26 ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ವಿವರಣೆ. ಅದರ ಹೆಚ್ಚಿನ ಸಾಲುಗಳನ್ನು ಅವರು ಜ್ಯೋತಿಷ್ಯದ ಪುಸ್ತಕದಿಂದ ಆರಿಸಿದ್ದರು. ಎಂಬಿಟಿಐ ಹೀಗೆ ಎಲ್ಲರಿಗೂ ಒಂದನ್ನೇ ಹಂಚುವುದಿಲ್ಲ, ಉತ್ತರಕ್ಕೂ ಫಲಿತಾಂಶಕ್ಕೂ ಅಲ್ಲಿ ಸಂಬಂಧವಿದೆ. ಆದರೆ ಹೊಗಳಿಕೆಯ ಧಾಟಿಯ, ವಿಶಾಲ ಮಾತುಗಳ ವಿವರಣೆ ತನ್ನದೇ ಎನಿಸುವುದು ಪರೀಕ್ಷೆಯ ಸಾಚಾತನಕ್ಕೆ ಸಾಕ್ಷಿಯಾಗಲಾರದು.

ಅಂತರ್ಮುಖತೆ, ಬಹಿರ್ಮುಖತೆ ಎಂಬುದೇ ಬರೀ ಕಲ್ಪನೆ ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ಇಂದಿನ ಸಂಶೋಧಕರು ಹೆಚ್ಚು ನೆಚ್ಚುವ ‘ಬಿಗ್ ಫೈವ್’ ಎಂಬ ಐದು ಗುಣಗಳ ಚೌಕಟ್ಟಿನಲ್ಲೂ ಬಹಿರ್ಮುಖತೆಗೆ ಭದ್ರ ಸ್ಥಾನವಿದೆ. ಅಲ್ಲಿ ಅದು ಖಾನೆಯಲ್ಲ, ಕಡಿಮೆಯಿಂದ ಹೆಚ್ಚಿನವರೆಗೆ ಹಬ್ಬಿದ ಅಳತೆ. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಮೆಕ್ರೇ ಮತ್ತು ಪಾಲ್ ಕೋಸ್ಟಾ 1989ರಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ ಎಂಬಿಟಿಐನ ನಾಲ್ಕು ಅಳತೆಗಳು ಐದರಲ್ಲಿ ನಾಲ್ಕಕ್ಕೆ ಹೊಂದಿಕೊಂಡವು. ಬಿಟ್ಟುಹೋದದ್ದು ಆತಂಕ, ಬೇಸರ, ಸಿಡುಕುಗಳತ್ತ ವಾಲುವ ಗುಣ. ಯಾರ ಮನಸ್ಸನ್ನೂ ನೋಯಿಸದ ಪರೀಕ್ಷೆಯಲ್ಲಿ ಅದಕ್ಕೆ ಜಾಗ ಸಿಕ್ಕಿರಲಿಲ್ಲ. ಮನಶ್ಶಾಸ್ತ್ರಜ್ಞ ವಿಲಿಯಂ ಫ್ಲೀಸನ್ 2001ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಸಂಗತಿ ತೋರಿಸಿತು: ದಿನದ ಬೇರೆ ಬೇರೆ ಹೊತ್ತಿನಲ್ಲಿ ವರ್ತನೆ ದಾಖಲಿಸಿಕೊಂಡರೆ ಒಬ್ಬನೇ ಮನುಷ್ಯ ಅಂತರ್ಮುಖಿಯಾಗಿಯೂ ಬಹಿರ್ಮುಖಿಯಾಗಿಯೂ ನಡೆದುಕೊಳ್ಳುತ್ತಾನೆ. ಅವನ ಸರಾಸರಿ ಮಾತ್ರ ವಾರದಿಂದ ವಾರಕ್ಕೆ ಸ್ಥಿರ. ಬಿಗ್ ಫೈವ್ ಕೂಡ ಪ್ರಶ್ನಾತೀತವಲ್ಲ. ಬೊಲಿವಿಯಾದ ಅಮೆಜಾನ್ ಕಾಡಿನಂಚಿನ ಚಿಮಾನೆ ಜನರ ನಡುವೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಐದು ಗುಣಗಳು ಹಾಗೆಯೇ ಮೂಡಿಬರಲಿಲ್ಲ.

ಪರೀಕ್ಷೆ ಹರಟೆಯ ಮಟ್ಟದಲ್ಲಿದ್ದರೆ ಈ ದೋಷಗಳಿಂದ ದೊಡ್ಡ ಹಾನಿಯಿಲ್ಲ. ಒಬ್ಬರ ಬಗ್ಗೆ ಇನ್ನೊಬ್ಬರು ನಿರ್ಧಾರ ಮಾಡಲು ಅದನ್ನು ಬಳಸಿದಾಗ ಅನ್ಯಾಯ ಶುರುವಾಗುತ್ತದೆ. ‘ಐ’ ಬಂದವರು ಗ್ರಾಹಕರೊಡನೆ ಮಾತಾಡುವ ಕೆಲಸಕ್ಕೆ ಬೇಡ, ‘ಇ’ ಬಂದವರು ಮಾರಾಟಕ್ಕೆ ಇರಲಿ ಎಂಬ ಎಣಿಕೆಗೆ ಪುರಾವೆಯ ಬೆಂಬಲವಿಲ್ಲ. ಮನಶ್ಶಾಸ್ತ್ರಜ್ಞ ಆ್ಯಡಂ ಗ್ರಾಂಟ್ 2013ರಲ್ಲಿ ಕಾಲ್ ಸೆಂಟರಿನ 340 ಮಾರಾಟ ಪ್ರತಿನಿಧಿಗಳ ಗಳಿಕೆಯನ್ನು ಅಭ್ಯಸಿಸಿದಾಗ ಹೆಚ್ಚು ವ್ಯಾಪಾರ ತಂದವರು ಬಹಿರ್ಮುಖತೆಯಲ್ಲಿ ನಡುಮಟ್ಟದವರೇ, ಎಂಬಿಟಿಐ ಒಪ್ಪಿಕೊಳ್ಳದ ನಡುವಿನವರೇ. ನೇಮಕಾತಿಗೆ ಇದನ್ನು ಬಳಸಬಾರದೆಂದು ಪರೀಕ್ಷೆಯನ್ನು ಮಾರುವ ಕಂಪನಿಯೇ ಹೇಳುತ್ತದೆ. ಮೂರನೇ ಅಕ್ಷರವನ್ನು ನಿರ್ಧರಿಸುವ ವಿಚಾರ–ಭಾವನೆಯ ಅಳತೆಯಲ್ಲಂತೂ ಹಳೆಯ ಆವೃತ್ತಿಗಳು ಗಂಡಸರಿಗೆ ಒಂದು, ಹೆಂಗಸರಿಗೆ ಇನ್ನೊಂದು ರೀತಿಯಲ್ಲಿ ಅಂಕ ಹಾಕುತ್ತಿದ್ದವು. ಕಾಲದ ಸಾಮಾಜಿಕ ನಂಬಿಕೆಗಳು ಇಂಥ ಸಾಧನದೊಳಗೆ ಹೇಗೆ ಸೇರಿಕೊಳ್ಳುತ್ತವೆ ಎಂಬುದು ಇಲ್ಲಿ ಸ್ಪಷ್ಟ.

ಮಾತಿಗೆ ಪೀಠಿಕೆಯಾಗಿ ಎಂಬಿಟಿಐ ಉಪಯುಕ್ತ, ಅಳತೆಗೋಲಾಗಿ ದುರ್ಬಲ. ಅದನ್ನು ಉಳಿಸಿಕೊಳ್ಳಬೇಕೆನ್ನುವ ಕಚೇರಿಗಳು ಕೊನೆಯ ಪಕ್ಷ ಎರಡು ಬದಲಾವಣೆ ಮಾಡಿಕೊಳ್ಳಬಹುದು. ಅಕ್ಷರದ ಬದಲು ಅಂಕ ತೋರಿಸಿ, ನಡುವಿಗೆ ಹತ್ತಿರವಿದ್ದವರಿಗೆ ಹಾಗೆಂದು ಹೇಳಬೇಕು. ಫಲಿತಾಂಶ ಪರೀಕ್ಷೆ ಬರೆದವರ ಕೈಯಲ್ಲೇ ಉಳಿಯಬೇಕು, ಸಿಬ್ಬಂದಿ ವಿಭಾಗದ ಕಡತ ಸೇರಬಾರದು. ಮಾತು ಕಡಿಮೆಯಿರುವವರಿಗೆ ನಿಜವಾಗಿ ನೆರವಾಗುವ ಕ್ರಮಗಳಿಗೆ ಪರೀಕ್ಷೆಯೇ ಬೇಕಿಲ್ಲ: ಸಭೆಯ ವಿಷಯಪಟ್ಟಿ ಹಿಂದಿನ ದಿನವೇ ತಲುಪಲಿ, ಅಭಿಪ್ರಾಯವನ್ನು ಬರೆದು ಕೊಡಲು ಅವಕಾಶವಿರಲಿ, ಬಡ್ತಿಯ ಮೌಲ್ಯಮಾಪನದಲ್ಲಿ ಮಾತಿನ ಭರಾಟೆಗಿಂತ ಮಾಡಿದ ಕೆಲಸಕ್ಕೆ ಹೆಚ್ಚು ತೂಕ ಸಿಗಲಿ. ಇವುಗಳಿಂದ ಹದಿನಾರೂ ಖಾನೆಯವರಿಗೆ ಅನುಕೂಲವಾಗುತ್ತದೆ, ಯಾರ ಹಣೆಗೂ ಅಕ್ಷರ ಅಂಟಿಸಬೇಕಾಗುವುದಿಲ್ಲ.